ಎರಡನೆಯ ಚರಣ ಯಾರಿಗೆ ಬರುತ್ತದೆ?

ಪ್ರತಿ ವರ್ಷ ಡಿಸೆಂಬರ್ ತಿಂಗಳು ಅರ್ಧ ಕಳೆಯುತ್ತಿದ್ದಂತೆ ಪತ್ರಿಕೆಗಳ ಸಿನಿಮಾ ಪುರವಣಿಗಳಿಗೂ ವಾಹಿನಿಗಳಿಗೂ ಮೊಬೈಲಿನಲ್ಲಿ ಹಾಡು ಕೇಳಿಸುವ ಆ್ಯಪುಗಳಿಗೂ ಒಂದು ಬಗೆಯ ಜ್ವರ ಏರುತ್ತದೆ. ‘ವರ್ಷದ ಟಾಪ್ ಟೆನ್ ಹಾಡುಗಳು’ ಎಂಬ ಪಟ್ಟಿಗಳು ಒಂದರ ಹಿಂದೊಂದು ಹೊರಬೀಳುತ್ತವೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಅಂಕ ಹಾಕಿ ಬದುಕಿದ ನನ್ನಂಥವನಿಗೆ ಪಟ್ಟಿಯ ಬಗ್ಗೆ ತಕರಾರಿಲ್ಲ. ಮೌಲ್ಯಮಾಪನದ ಕ್ರಮದ ಬಗ್ಗೆ ಇದೆ. ಈ ಪಟ್ಟಿ ಮಾಡುವವರು ಉತ್ತರಪತ್ರಿಕೆಯನ್ನು ಓದುವುದಿಲ್ಲ, ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಯಾವುದು ಹೆಚ್ಚು ತೂಗುತ್ತದೆಯೋ ಅದಕ್ಕೆ ಮೊದಲ ರ್‍ಯಾಂಕು.

ಅದೂ ಪರೀಕ್ಷೆ ಮುಗಿಯುವ ಮೊದಲೇ! ‘ಮುಂಗಾರು ಮಳೆ’ ತೆರೆ ಕಂಡದ್ದು 2006ರ ಡಿಸೆಂಬರ್ 29ರಂದು. ಆ ವರ್ಷದಲ್ಲಿ ಅದಕ್ಕೆ ದಕ್ಕಿದ್ದು ಮೂರೇ ದಿನ. ಡಿಸೆಂಬರ್ ಮಧ್ಯದಲ್ಲಿ ಬಾಗಿಲು ಹಾಕಿದ ಪಟ್ಟಿಗಾರರ ಲೆಕ್ಕದಲ್ಲಿ ಆ ಚಿತ್ರ ಇನ್ನೂ ಹುಟ್ಟಿಯೇ ಇರಲಿಲ್ಲ. ಆದರೆ ಜಯಂತ ಕಾಯ್ಕಿಣಿಯವರ ಪದ, ಮನೋಮೂರ್ತಿಯವರ ರಾಗ, ಸೋನು ನಿಗಮ್ ಅವರ ಕಂಠ ಕೂಡಿದ ಅದರ ಹಾಡು ಕನ್ನಡ ಚಿತ್ರಗೀತೆಯ ದಿಕ್ಕನ್ನೇ ತಿರುಗಿಸಿತೆಂಬುದು ಈಗ ಎಲ್ಲರೂ ಒಪ್ಪುವ ಮಾತು. 2023ರಲ್ಲಿ ‘ಕಾಟೇರ’ ಕೂಡ ಡಿಸೆಂಬರ್ 29ರಂದೇ ಬಂತು. ಹಾಡಿಗೆ ಕ್ಯಾಲೆಂಡರು ತಿಳಿಯದು. ಆದ್ದರಿಂದ ನಾನು ಮಾಡಿಕೊಂಡಿರುವ ಮೊದಲ ನಿಯಮ ಇದು: ಒಂದು ವರ್ಷದ ಹಾಡುಗಳಿಗೆ ಮೂರು ವರ್ಷ ಕಳೆದ ಮೇಲೆಯೇ ಅಂಕ ಹಾಕಬೇಕು. ಅಲ್ಲಿಯವರೆಗೆ ಅವು ಬೀದಿಯಲ್ಲಿ, ಬಸ್ಸಿನಲ್ಲಿ, ಛತ್ರದಲ್ಲಿ ಸವೆಯಲಿ. ಸವೆದ ಮೇಲೆ ಉಳಿದದ್ದನ್ನು ನೋಡೋಣ.

ಇನ್ನು ತಕ್ಕಡಿಯ ಮಾತು. ಸ್ಪಾಟಿಫೈ ಎಂಬ ಆ್ಯಪಿನಲ್ಲಿ ಒಂದು ಹಾಡನ್ನು ಮೂವತ್ತು ಸೆಕೆಂಡು ಕೇಳಿದರೆ ಸಾಕು, ಅದು ಒಂದು ಎಣಿಕೆಯಾಗುತ್ತದೆ. ಮೂವತ್ತು ಸೆಕೆಂಡಿನಲ್ಲಿ ಏನು ಮುಗಿಯುತ್ತದೆ, ನೀವೇ ಯೋಚಿಸಿ. ನಮ್ಮ ಎಷ್ಟೋ ಹಾಡುಗಳಲ್ಲಿ ಪೀಠಿಕೆಯ ವಾದ್ಯವೇ ಅಷ್ಟು ಹೊತ್ತು ನುಡಿಯುತ್ತದೆ. ಪಲ್ಲವಿ ಬಂದರೆ ಪುಣ್ಯ. ಪಲ್ಲವಿ, ನಡುವೆ ವಾದ್ಯ, ಮೊದಲ ಚರಣ, ಮತ್ತೆ ವಾದ್ಯ, ಎರಡನೆಯ ಚರಣ ಎಂಬುದು ನಮ್ಮ ಚಿತ್ರಗೀತೆಗಳು ದಶಕಗಳಿಂದ ನಡೆದು ಬಂದ ದಾರಿ. ಪಲ್ಲವಿಯನ್ನು ಯಾರಾದರೂ ಹೊಳೆಯಿಸಬಹುದು, ಅದು ಅಂಗಡಿಯ ಬೋರ್ಡಿನಂತೆ. ಮೊದಲ ಚರಣದಲ್ಲಿ ಕವಿಯ ಸರಕು ಕಾಣುತ್ತದೆ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಹೇಳುವುದು ಇನ್ನೂ ಉಳಿದಿದೆಯೋ, ಹೇಳಿದ್ದನ್ನೇ ಪ್ರಾಸ ಬದಲಿಸಿ ಹೇಳುತ್ತಿದ್ದಾನೋ ಎಂಬುದು ಬಯಲಾಗುತ್ತದೆ. ಮೂವತ್ತು ಸೆಕೆಂಡಿನ ಎಣಿಕೆಗೂ, ಅದಕ್ಕಿಂತ ಗಿಡ್ಡನೆಯ ರೀಲ್ಸಿಗೂ ಈ ಎರಡನೆಯ ಚರಣ ಬೇಕೇ ಇಲ್ಲ. ಬೇಡವಾದದ್ದನ್ನು ಯಾರು ತಾನೇ ಶ್ರದ್ಧೆಯಿಂದ ಬರೆದಾರು? ನನ್ನ ಜಗಳದ ಮೂಲ ಇದು. ಎಣಿಕೆಯ ಪಟ್ಟಿ ಹಾಡನ್ನು ಅಳೆದು ಸುಮ್ಮನಾಗುವುದಿಲ್ಲ. ಮುಂದಿನ ಹಾಡನ್ನು ಹೇಗೆ ಬರೆಯಬೇಕೆಂದು ಪಾಠ ಹೇಳಿಕೊಡುತ್ತದೆ, ಮತ್ತು ಆ ಪಾಠ ಕೆಟ್ಟದ್ದು.

ಶಿರಾ ಗೇಟಿನ ಬಳಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸಂಜೆ ಅಮಾನಿಕೆರೆಯ ಕಡೆಗೆ ನಡೆದು ಹೋಗುವಾಗ ಅಲ್ಲಿ ಎರಡು ನಿಮಿಷ ನಿಲ್ಲುವುದು ನನ್ನ ರೂಢಿ. ಈ ವಿಷಯದಲ್ಲಿ ಅವನದು ಎದುರು ಪಕ್ಷ. “ಕೋಟಿಗಟ್ಲೆ ವ್ಯೂಸ್ ಬಂದೈತೆ ಸಾರ್, ಜನ ಸುಮ್ಮನೆ ನೋಡ್ತಾರಾ?” ಎಂದು ಒಮ್ಮೆ ವಾದಕ್ಕಿಳಿದ. ಆಗ ಅವನ ಅಂಗಡಿಯಲ್ಲಿ ಮೊಳಗುತ್ತಿದ್ದ ಹಾಡನ್ನೇ ತೋರಿಸಿ, “ಸರಿಯಪ್ಪಾ, ಇದರ ಎರಡನೆಯ ಚರಣ ಹೇಳು, ಫೋನು ನೋಡದೆ” ಎಂದೆ. ಮೊದಲ ಚರಣದ ಎರಡು ಸಾಲು ಬಂತು, ಆಮೇಲೆ ಬರಿಯ ಲಾಲಾ. ದಿನಕ್ಕೆ ಹತ್ತು ಸಲ ಅದನ್ನು ಹಾಕುವವನು ಅವನು! ಅವನು ಪೆದ್ದನಲ್ಲ, ನನ್ನ ತರಗತಿಯಲ್ಲಿ ಕುಮಾರವ್ಯಾಸನ ಷಟ್ಪದಿಗಳನ್ನು ತಡವರಿಸದೆ ಒಪ್ಪಿಸುತ್ತಿದ್ದ ಹುಡುಗ. ಹಾಡು ಅವನ ಕಿವಿಯ ಮೇಲೆ ಹರಿದುಹೋಗಿದೆ, ಒಳಗೆ ಇಳಿದಿಲ್ಲ, ಅಷ್ಟೆ. ಆ ಹಾಡು ಯಾವುದೆಂದು ಮುಂದೆ ಹೇಳುತ್ತೇನೆ.

ಹಾಡಿಗೆ ಶ್ರೇಣಿ ಕೊಡುವ ಚಟ ಇಂದಿನದಲ್ಲ. 1952ರಲ್ಲಿ ರೇಡಿಯೋ ಸಿಲೋನ್‌ನಿಂದ ಅಮೀನ್ ಸಯಾನಿಯವರು ಆರಂಭಿಸಿದ ಬಿನಾಕಾ ಗೀತ್‌ಮಾಲಾ ಹಿಂದಿ ಹಾಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ, ವರ್ಷದ ಕೊನೆಗೆ ಎಲ್ಲಕ್ಕಿಂತ ಮೇಲಿನದನ್ನು ಸಾರುತ್ತಿತ್ತು. ಕನ್ನಡಕ್ಕೆ ಅಲ್ಲಿ ಜಾಗವಿರಲಿಲ್ಲ. ಆದರೂ ತುಮಕೂರಿನ ಮನೆಗಳಲ್ಲಿ ಅದಕ್ಕಾಗಿ ಕಾದು ಕೂರುವವರಿದ್ದರು. ಅದರ ಶ್ರೇಣಿಗೆ ಆಧಾರ ಎರಡು: ಅಂಗಡಿಗಳಲ್ಲಿ ಮಾರಾಟವಾದ ಧ್ವನಿಮುದ್ರಿಕೆ, ಮತ್ತು ಕೇಳುಗರ ಸಂಘಗಳು ಬರೆದು ಕಳಿಸುತ್ತಿದ್ದ ಮತ. ಅದರಲ್ಲೂ ಅನ್ಯಾಯ ನಡೆದಿರಬಹುದು, ನಾನು ಅದನ್ನು ಸತ್ಯಯುಗವೆನ್ನುತ್ತಿಲ್ಲ. ಆದರೆ ಒಂದು ಮತ ಹಾಕಲು ಒಬ್ಬ ಮನುಷ್ಯ ದುಡ್ಡು ಕೊಟ್ಟು ತಟ್ಟೆ ಕೊಳ್ಳಬೇಕಿತ್ತು, ಇಲ್ಲವೇ ಕಾಗದ ಬರೆದು ಅಂಚೆಪೆಟ್ಟಿಗೆಯವರೆಗೆ ನಡೆಯಬೇಕಿತ್ತು. ಈಗ ಬೆರಳು ಜಾರಿದರೂ ಮತ.

ಇದಕ್ಕೂ ಹಳೆಯ ಮತದಾನ ನಮ್ಮ ಜಿಲ್ಲೆಯಲ್ಲೇ ಇತ್ತು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯ ಕಾಲವನ್ನು ನೆನೆಯಿರಿ. ಕಂಪನಿ ನಾಟಕಗಳಲ್ಲಿ ರಂಗಗೀತೆ ಮುಗಿಯುತ್ತಿದ್ದಂತೆ ನೆಲದ ಮೇಲೆ ಕೂತವರಿಂದ ಕುರ್ಚಿಯವರವರೆಗೆ “ಒನ್ಸ್ ಮೋರ್” ಏಳುತ್ತಿತ್ತು. ಸತ್ತು ಬಿದ್ದ ಪಾತ್ರಧಾರಿಯೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸತ್ತ ಕಥೆಗಳನ್ನು ನೀವೂ ಕೇಳಿರುತ್ತೀರಿ. ಆ ಕೂಗು ಬರುತ್ತಿದ್ದದ್ದು ಹಾಡು ಪೂರ್ತಿ ಕೇಳಿದ ಮೇಲೆ. ಬೇಕಾಗಿದ್ದದ್ದೂ ಪೂರ್ತಿ ಹಾಡೇ.

“ಮೇಷ್ಟ್ರೇ, ವಯಸ್ಸಾದವರಿಗೆಲ್ಲ ಅವರ ಕಾಲದ ಹಾಡೇ ಚೆನ್ನ” ಎನ್ನುವವರಿಗೆ ಒಂದು ಮಾತು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂದಾಗ, ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ಹಾಡಿದ್ದನ್ನು ನೋಡಿ ನಮ್ಮ ಮನೆಯ ಹಿರಿಯರು “ಇದೂ ಒಂದು ಹಾಡೇ?” ಎಂದು ಮುಖ ಸಿಂಡರಿಸಿದ್ದರು. ಚಿ. ಉದಯಶಂಕರ್ ಪದ ಕಟ್ಟಿ, ಜಿ.ಕೆ. ವೆಂಕಟೇಶ್ ರಾಗ ಹಾಕಿದ ಆ ಹಾಡಿನ ಚರಣಗಳು ಅರ್ಧ ಶತಮಾನದ ಮೇಲೂ ಹಳ್ಳಿಯ ಹುಡುಗರ ಬಾಯಲ್ಲಿವೆ. 2001ರ ‘ನನ್ನ ಪ್ರೀತಿಯ ಹುಡುಗಿ’ಯಲ್ಲಿ ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ಹಾಡಿದ ಕಾರಿನ ಹಾಡಿನಲ್ಲಿ ಗಾಂಭೀರ್ಯ ಎಳ್ಳಷ್ಟೂ ಇರಲಿಲ್ಲ. ನಮ್ಮ ಶಾಲೆಯ ಮಕ್ಕಳು ಅದನ್ನು ಆಟದ ಬಯಲಲ್ಲಿ ಕುಣಿದು ಹಾಡುವಾಗ ನಾನೂ ತಾಳ ಹಾಕಿದ್ದೇನೆ. ಲಘುವಾಗಿರುವುದು ಅಪರಾಧವಲ್ಲ. ಪೊಳ್ಳಾಗಿರುವುದು ಅಪರಾಧ.

ಇನ್ನು ನನ್ನ ಪಟ್ಟಿ. ಮೂರು ವರ್ಷದ ನಿಯಮದಂತೆ 2022ರ ಹಾಡುಗಳು ಈಗ ಮೌಲ್ಯಮಾಪನಕ್ಕೆ ಅರ್ಹ. ಕೆ.ಜಿ.ಎಫ್. ಎರಡನೆಯ ಭಾಗ, 777 ಚಾರ್ಲಿ, ವಿಕ್ರಾಂತ್ ರೋಣ, ಗಾಳಿಪಟ 2, ಕಾಂತಾರ ಎಲ್ಲ ಒಂದೇ ವರ್ಷದಲ್ಲಿ ಬಂದವು; ಫಸಲು ಕಡಿಮೆಯಿರಲಿಲ್ಲ. ಹತ್ತು ಸ್ಥಾನ ತುಂಬಲೇಬೇಕೆಂಬ ಹಟ ನನಗಿಲ್ಲ, ನಾಲ್ಕು ಸಾಕು.

ಮೊದಲ ಸ್ಥಾನ ‘ಕಾಂತಾರ’ದ ‘ಸಿಂಗಾರ ಸಿರಿಯೆ’ಗೆ. ಎಣಿಕೆಯವರ ಪಟ್ಟಿಗಳಲ್ಲೂ ಅದು ಮೇಲೆಯೇ ಇತ್ತೆಂದು ನನ್ನ ಮೊಬೈಲ್ ಅಂಗಡಿಯ ಶಿಷ್ಯ ಹಲ್ಲು ಕಿರಿಯಬಹುದು. ಕಿರಿಯಲಿ. ಫಲಿತಾಂಶ ಒಂದೇ ಆದರೂ ಲೆಕ್ಕದ ಹೆಜ್ಜೆ ಬೇರೆ. ಗಣಿತದ ಮೇಷ್ಟ್ರು ಹೆಜ್ಜೆಗೂ ಅಂಕ ಕೊಡುತ್ತಾರೆ. ಈ ಹಾಡನ್ನು ಬರೆದವರು ಪ್ರಮೋದ್ ಮರವಂತೆ, ಸಂಗೀತ ಅಜನೀಶ್ ಲೋಕನಾಥ್ ಅವರದು, ಹಾಡಿದವರು ವಿಜಯ್ ಪ್ರಕಾಶ್ ಮತ್ತು ಅನನ್ಯಾ ಭಟ್. ಹೆಸರಿನ ಎರಡು ಪದಗಳನ್ನೇ ನೋಡಿ. ಶೃಂಗಾರದ ತದ್ಭವ ಸಿಂಗಾರ, ಶ್ರೀಯ ತದ್ಭವ ಸಿರಿ. ಎರಡೂ ಸಂಸ್ಕೃತದ ಬಿಗಿಯನ್ನು ಕಳಚಿ ಕನ್ನಡದ ಬಾಯಲ್ಲಿ ನುಣ್ಣಗಾದ ಪದಗಳು. ಎಂಟನೆಯ ತರಗತಿಗೆ ತತ್ಸಮ–ತದ್ಭವ ಪಾಠ ಮಾಡಿದ ಯಾವ ಕನ್ನಡ ಮೇಷ್ಟ್ರಿಗಾದರೂ ಇಂಥ ಉದಾಹರಣೆ ತಾನಾಗಿ ಮನೆಗೆ ಬಂದರೆ ಸಂತೋಷವಾಗದೇ? ಕುಂದಾಪುರದ ಕಡಲ ಕರೆಯ ಗಾಳಿಯನ್ನು ಹೊತ್ತ ಆ ಹಾಡು ಘಟ್ಟ ಹತ್ತಿ ನಮ್ಮ ಬಯಲುಸೀಮೆಗೆ ಬಂತು. ಶಿರಾ ಗೇಟಿನ ಒಂದು ಛತ್ರದಲ್ಲಿ ಕಳೆದ ಮದುವೆ ಕಾಲದಲ್ಲಿ ಆರ್ಕೆಸ್ಟ್ರಾದ ಹುಡುಗಿ ಅದನ್ನು ಹಾಡುವಾಗ ಊಟದ ಪಂಕ್ತಿಯಲ್ಲಿದ್ದ ಹೆಂಗಸರು ಎಲೆಯ ಮುಂದೆ ಕೂತೇ ಎರಡನೆಯ ಚರಣಕ್ಕೆ ದನಿ ಸೇರಿಸಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹುಡುಗಿಯ ಕೈಯಲ್ಲಿ ಫೋನಿತ್ತು. ಅವರ ಕೈಯಲ್ಲಿ ಹೋಳಿಗೆ.

ಎರಡನೆಯದು ‘ಗಾಳಿಪಟ 2’ರ ‘ನಾನಾಡದ ಮಾತೆಲ್ಲವ’. ಕಾಯ್ಕಿಣಿಯವರ ಸಾಹಿತ್ಯ, ಅರ್ಜುನ್ ಜನ್ಯ ಅವರ ಸಂಗೀತ. ‘ಆಡದ’ ಎಂಬುದು ನಿಷೇಧ ಕೃದಂತ. ಒಂದು ದಕಾರದಲ್ಲಿ ಆಗದೆ ಉಳಿದದ್ದನ್ನೆಲ್ಲ ಹಿಡಿದಿಡುವ ಶಕ್ತಿ ಕನ್ನಡಕ್ಕಿದೆ, ಕವಿ ಆ ಶಕ್ತಿಯನ್ನು ಬಲ್ಲರು. ಗೆಳೆಯರು ಇದನ್ನು ಸೋನು ನಿಗಮ್ ಹಾಡು ಎನ್ನುತ್ತಾರೆ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಾರ್ಯಕ್ರಮವೊಂದರಲ್ಲಿ ಕನ್ನಡ ಹಾಡಿನ ಬೇಡಿಕೆ ಬಂದಾಗ ಆ ಗಾಯಕರು ಆಡಿದ ಮಾತು ವಿವಾದವಾಗಿ, ಚಲನಚಿತ್ರ ವಾಣಿಜ್ಯ ಮಂಡಳಿ ಅಸಹಕಾರ ಸಾರಿ, ಮೇ ತಿಂಗಳಲ್ಲಿ ಅವರು ಕ್ಷಮೆ ಕೇಳಿದರಷ್ಟೆ. ಆಗ ಕೆಲವರು ಅವರ ಹಾಡುಗಳನ್ನೇ ಕೇಳಬಾರದೆಂದರು. ಸಿಟ್ಟು ನನಗೂ ಬಂದಿತ್ತು. ಆದರೆ ಗೋಕರ್ಣದ ಕವಿ ಬರೆದ ಕನ್ನಡವನ್ನು ಗಾಯಕನ ತಪ್ಪಿಗಾಗಿ ಹೊರಹಾಕುವುದು ಯಾವ ನ್ಯಾಯ?

ಮೂರನೆಯದು ‘ಲವ್ 360’ ಚಿತ್ರದ ‘ಜಗವೇ ನೀನು ಗೆಳತಿಯೇ’. ನಿರ್ದೇಶಕ ಶಶಾಂಕ್ ಅವರೇ ಬರೆದದ್ದು. ಸಂಗೀತ ಇದಕ್ಕೂ ಅರ್ಜುನ್ ಜನ್ಯ. ಸಿದ್ ಶ್ರೀರಾಮ್ ಸ್ವರವನ್ನು ಎಳೆಯುವ ರೀತಿಯಲ್ಲಿ ಕೆಲವು ಅಕ್ಷರಗಳು ಕರಗಿಹೋಗುತ್ತವೆ, ಅದಕ್ಕೆ ಅಂಕ ಕಡಿತ. ಕಾಲೇಜಿನ ಹುಡುಗರು ಇದನ್ನು ಇನ್ನೂ ಪೂರ್ತಿಯಾಗಿ ಹಾಡುತ್ತಾರೆಂಬುದೊಂದೇ ಇದರ ಪರವಾದ ಸಾಕ್ಷಿ, ಸಾಕ್ಷಿ ಬಲವಾದದ್ದು.

ನಾಲ್ಕನೆಯದು ‘ವಿಕ್ರಾಂತ್ ರೋಣ’ದ ‘ರಾ ರಾ ರಕ್ಕಮ್ಮ’. ಶಿಷ್ಯನ ಅಂಗಡಿಯಲ್ಲಿ ಮೊಳಗುತ್ತಿದ್ದದ್ದು ಇದೇ. ‘ರಾ’ ಎಂಬುದು ತೆಲುಗೆಂದು ನಾನು ಮೂಗು ಮುರಿಯುವುದಿಲ್ಲ. ಶಿರಾ, ಪಾವಗಡದ ಕಡೆಯವರಿಗೆ ತೆಲುಗು ಹೊಸದೂ ಅಲ್ಲ, ಪರಕೀಯವೂ ಅಲ್ಲ. ಅಜನೀಶ್ ಲೋಕನಾಥ್ ಅವರ ತಾಳಕ್ಕೆ ಗಣಪತಿ ಪೆಂಡಾಲಿನ ಮುಂದೆ ಮುದುಕರ ಕಾಲೂ ಅಲ್ಲಾಡುತ್ತದೆ. ಆದರೆ ಒಂದೇ ಹಾಡು ಐದು ಭಾಷೆಗಳಲ್ಲಿ ಒಟ್ಟಿಗೆ ಹೊರಟಾಗ ಪದಗಳಿಗೆ ಉಳಿಯುವ ಕೆಲಸ ತಾಳ ತುಂಬುವುದಷ್ಟೇ. ‘ಸಿಂಗಾರ ಸಿರಿಯೆ’ಯೂ ಬೇರೆ ಭಾಷೆಗಳಿಗೆ ಹೋಯಿತಲ್ಲ ಎನ್ನುತ್ತೀರಿ. ಹೌದು, ಅದು ಮೊದಲು ಒಂದು ಊರಿನಲ್ಲಿ ಹುಟ್ಟಿ ಆಮೇಲೆ ಪ್ರಯಾಣ ಹೊರಟಿತು. ಇದು ಪ್ರಯಾಣದಲ್ಲೇ ಹುಟ್ಟಿತು. ಕುಣಿಸಿದ್ದಕ್ಕೆ ನಾಲ್ಕನೆಯ ಸ್ಥಾನ ಧಾರಾಳ.

‘ವರಾಹ ರೂಪಂ’ ಎಲ್ಲಿ ಎಂದು ಕೇಳುವಿರಿ. ಅದನ್ನು ಸ್ಪರ್ಧೆಯಿಂದ ಹೊರಗಿಟ್ಟಿದ್ದೇನೆ. ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ತಮ್ಮ ‘ನವರಸಂ’ ಕೃತಿಯ ಹೆಸರಿನಲ್ಲಿ ಹೂಡಿದ ಕೃತಿಸ್ವಾಮ್ಯದ ದಾವೆಯಿಂದಾಗಿ, 2022ರ ನವೆಂಬರಿನಲ್ಲಿ ಚಿತ್ರ ಮನೆಮನೆಯ ಪರದೆಗೆ ಬಂದಾಗ ಆ ಹಾಡಿಗೆ ಬೇರೆಯೇ ರಾಗವಿತ್ತು. ಆ ವ್ಯಾಜ್ಯದ ತೀರ್ಪುಗಾರ ನಾನಲ್ಲ. ಶಶಿರಾಜ್ ಕಾವೂರರ ಆ ಸಾಹಿತ್ಯ ಸ್ತೋತ್ರದ ಜಾತಿಯದು. ಸ್ತೋತ್ರವನ್ನೂ ಪ್ರೇಮಗೀತೆಯನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಪರೀಕ್ಷೆ ಬರೆಸಲಾಗದು.

ಕಡೆಯದಾಗಿ ಪಟ್ಟಿ ಮಾಡುವವರಲ್ಲಿ ಒಂದು ಬೇಡಿಕೆ. ಹಾಡಿನ ಹೆಸರಿನ ಪಕ್ಕದಲ್ಲಿ ನಾಯಕನ ಭಾವಚಿತ್ರ ಹಾಕುತ್ತೀರಿ, ಗಾಯಕರ ಹೆಸರು, ಸಂಗೀತ ನಿರ್ದೇಶಕರ ಹೆಸರು, ಆಡಿಯೋ ಕಂಪನಿಯ ಮುದ್ರೆ ಎಲ್ಲ ಹಾಕುತ್ತೀರಿ. ಬರೆದವರ ಹೆಸರೆಲ್ಲಿ? ನಮ್ಮ ಜಿಲ್ಲೆಯ ಕುಣಿಗಲ್ ಕೆರೆಯ ಮೇಲೆ ಒಂದು ಜಾನಪದ ಗೀತೆಯಿದೆ, ನಾಡಿಗೇ ಗೊತ್ತು. ಅದನ್ನು ಕಟ್ಟಿದವರ ಹೆಸರು ಇಲ್ಲದಿದ್ದರೆ ಕ್ಷಮೆಯುಂಟು, ಅದು ನೂರಾರು ಬಾಯಿಗಳ ಸೃಷ್ಟಿ. ಸಿನಿಮಾ ಹಾಡನ್ನು ಬರೆದವರು ನಮ್ಮ ನಡುವೆಯೇ ಓಡಾಡಿಕೊಂಡಿದ್ದಾರೆ. 2012ರ ಕೃತಿಸ್ವಾಮ್ಯ ತಿದ್ದುಪಡಿಯು ಗೀತರಚನಕಾರರಿಗೂ ಸಂಯೋಜಕರಿಗೂ ಗೌರವಧನದಲ್ಲಿ ಪಾಲು ಇದೆಯೆಂದು ಕಾನೂನನ್ನೇ ಮಾಡಿದೆ. ಸಂಸತ್ತು ಒಪ್ಪಿದವರನ್ನು ನಿಮ್ಮ ಪಟ್ಟಿ ಒಪ್ಪುವುದಿಲ್ಲವೆಂದರೆ ಏನರ್ಥ?

ನನ್ನ ಶ್ರೇಣಿಯನ್ನು ಒಪ್ಪದ ಓದುಗರು ಧಾರಾಳವಾಗಿ ಬರೆಯಬಹುದು. ಷರತ್ತು ಒಂದೇ: ನೀವು ಮೇಲೇರಿಸಬಯಸುವ ಹಾಡಿನ ಎರಡನೆಯ ಚರಣವನ್ನು ಯಾವ ಪರದೆಯನ್ನೂ ನೋಡದೆ ಮೊದಲು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ, ಆಮೇಲೆ ಜಗಳಕ್ಕೆ ಬನ್ನಿ. 2023ರ ಹಾಡುಗಳ ಕಟ್ಟನ್ನು ನಾನಿನ್ನೂ ಬಿಚ್ಚಿಲ್ಲ. ‘ಕಾಟೇರ’, ‘ಸಪ್ತ ಸಾಗರದಾಚೆ ಎಲ್ಲೋ’ ಎರಡೂ ಅದರಲ್ಲಿವೆ.