ತೂಬಿನವರೆಗೆ ಬಂದ ಅಂತರ್ಜಾಲ



ಕಳೆದ ಕಾರ್ತಿಕ ಮಾಸದಲ್ಲಿ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ನಮ್ಮ ಸೋದರತ್ತೆಯವರ ಮನೆಗೆ ಹೋಗಿದ್ದೆವು. ಎಪ್ಪತ್ತು ದಾಟಿದ ಅವರಿಗೆ ಎರಡು ಎಕರೆ ಜಮೀನಿದೆ. ಒಬ್ಬನೇ ಮಗ ಬೆಂಗಳೂರಿನಲ್ಲಿದ್ದಾನೆ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಕಿಸಾನ್ ಸಮ್ಮಾನ್ ಯೋಜನೆಯ ಹಣ, ವರ್ಷಕ್ಕೆ ಮೂರು ಕಂತುಗಳಲ್ಲಿ ಬರುವ 6,000 ರೂಪಾಯಿ, ಅವರಿಗೆ ನಿಂತುಹೋಗಿತ್ತು. ಆಧಾರ್ ದೃಢೀಕರಣ ಆಗಿಲ್ಲವೆಂದು ತಿಳಿದು, ಅವರನ್ನು ಸೇವಾ ಕೇಂದ್ರವೊಂದಕ್ಕೆ ಕರೆದೊಯ್ದೆವು. ಯಂತ್ರದ ಮೇಲೆ ಹೆಬ್ಬೆರಳಿಟ್ಟರೆ ಅದು ಒಪ್ಪಲಿಲ್ಲ. ಐವತ್ತು ವರ್ಷ ಕಳೆ ಕಿತ್ತು, ಪಾತ್ರೆ ಉಜ್ಜಿ ಸವೆದ ಬೆರಳಿನಲ್ಲಿ ಗೆರೆಗಳೆಲ್ಲಿ ಉಳಿದಾವು? “ಮೊಬೈಲಿಗೆ ಒಂದು ನಂಬರ್ ಬರುತ್ತೆ, ಹೇಳಿ ಅಜ್ಜಿ” ಎಂದ ಹುಡುಗ. ಆಧಾರಿಗೆ ಜೋಡಿಸಿದ್ದ ಮೊಬೈಲು ಮಗನದು. ಅತ್ತೆಯವರು ಮಗನನ್ನು ಫೋನಿನಲ್ಲಿ ಹಿಡಿದು, ಅವನು ಹೇಳಿದ ಗುಟ್ಟಿನ ಅಂಕಿಗಳನ್ನು ಹತ್ತಾರು ಜನರ ನಡುವೆ ಗಟ್ಟಿಯಾಗಿ ಒಪ್ಪಿಸಿದರು. ಅಷ್ಟರಲ್ಲಿ ಸರ್ವರ್ ನಿಂತಿತು. ಮರುದಿನ ಮತ್ತೆ ಹೋಗಬೇಕಾಯಿತು.

ಹಿಂದಿರುಗುವಾಗ ಅವರು ಹೇಳಿದ ಮಾತು ಇದು: “ಆಗ ಶಾನುಭೋಗ್ರ ಬಾಗ್ಲು ಕಾದ್ವು, ಈಗ ಈ ಪೆಟ್ಟಿಗೆ ಬಾಗ್ಲು ಕಾಯ್ತಾ ಇದೀವಿ ಕಣಪ್ಪ.”

ಈ ಮಾತು ಪೂರ್ಣ ಸತ್ಯವಲ್ಲ ಎಂಬುದು ನಮ್ಮ ಅಭಿಪ್ರಾಯ. ಪಹಣಿಯ ವಿಷಯವನ್ನೇ ತೆಗೆದುಕೊಳ್ಳಿ. ಒಂದು ಕಾಲದಲ್ಲಿ ರೈತನ ಜಮೀನಿನ ದಾಖಲೆಯು ಗ್ರಾಮಲೆಕ್ಕಿಗರ ಚೀಲದಲ್ಲಿತ್ತು. ರಾಜ್ಯದಲ್ಲಿ ಅಂಥವರು ಸುಮಾರು 9,000 ಮಂದಿ ಇದ್ದರು. ಅವರು ಸಿಗುವವರೆಗೆ ಅಲೆಯಬೇಕು, ಸಿಕ್ಕ ಮೇಲೆ ಅವರ ಮನಸ್ಸು ಒಲಿಯಬೇಕು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರಾದ ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದಾಗ ‘ಭೂಮಿ’ ಯೋಜನೆಯು ರಾಜ್ಯದ ತಾಲ್ಲೂಕು ಕಚೇರಿಗಳನ್ನೆಲ್ಲ ತಲುಪಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಗಣಕಯಂತ್ರಕ್ಕೆ ಸೇರಿ, ಅಂದು 15 ರೂಪಾಯಿ ಕೊಟ್ಟವರಿಗೆ ಪಹಣಿ ಕೈಗೆ ಬಂತು. ಮುಂದೆ 2012ರಲ್ಲಿ ನಾಡಕಚೇರಿಗಳ ಜನಸ್ನೇಹಿ ಕೇಂದ್ರಗಳಿಂದ ಸೌಲಭ್ಯವು ಹೋಬಳಿಗೂ, 2022ರಿಂದ ಗ್ರಾಮ ಒನ್ ಕೇಂದ್ರಗಳ ಮೂಲಕ ಹಳ್ಳಿಗೂ ಇಳಿಯಿತು. ಒಂದು ಕಾಗದಕ್ಕಾಗಿ ಮಳವಳ್ಳಿಗೆ ಬಸ್ಸು ಹತ್ತಿ ಒಂದು ದಿನದ ಕೂಲಿ ಕಳೆದುಕೊಳ್ಳುತ್ತಿದ್ದವರಿಗೆ ಇದು ಸಣ್ಣ ಲಾಭವಲ್ಲ. ಮಗಳ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಮನೆಯಿಂದಲೇ ಅರ್ಜಿ ಹಾಕಬಹುದು. ಮಂಡ್ಯದ ಬೆಲ್ಲದ ಧಾರಣೆಯನ್ನು ಗಾಡಿ ಕಟ್ಟುವ ಮೊದಲೇ ‘ಕೃಷಿ ಮಾರಾಟ ವಾಹಿನಿ’ಯಲ್ಲಿ ನೋಡಬಹುದು. ನಮ್ಮ ಮನೆಗಳಿಗೆ ಸಲ್ಲುವ ಇನ್ನೊಂದು ಸಂಗತಿಯೂ ಉಂಟು. ‘ವಚನ ಸಂಚಯ’ ಎಂಬ ತಾಣದಲ್ಲಿ ಸುಮಾರು 20,000 ವಚನಗಳಿದ್ದು, ಒಂದು ಪದವನ್ನು ಕೊಟ್ಟರೆ ಆ ಪದವಿರುವ ವಚನಗಳು ಎದುರಿಗೆ ಬರುತ್ತವೆ. ಸಂಪುಟಗಳನ್ನು ಕೊಳ್ಳಲಾರದ ಮನೆಯ ಮಗುವಿಗೂ ಅವು ದೊರೆಯುತ್ತವೆ.

ಆದರೆ ಅತ್ತೆಯವರ ಮಾತಿನ ಉಳಿದರ್ಧ ಸತ್ಯವನ್ನು ಅಲ್ಲಗಳೆಯಲಾಗದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ. ತಂತಿ ಹಾದುಹೋದ ಹಳ್ಳಿಗಳವರು ಅದನ್ನು ತಲೆಯೆತ್ತಿ ನೋಡುತ್ತ ಎಣ್ಣೆಯ ದೀಪ ಹಚ್ಚಿಕೊಂಡಿದ್ದರು. ವಿಶ್ವೇಶ್ವರಯ್ಯ ನಾಲೆಯ ಕತೆಯೂ ನಮಗೆ ಗೊತ್ತಿರುವುದೇ. ಕನ್ನಂಬಾಡಿ ತುಂಬಿದ ವರ್ಷವೂ ಮದ್ದೂರು, ಮಳವಳ್ಳಿಗಳ ಕೊನೆಯ ಭಾಗದ ರೈತರು ನೀರಿಗಾಗಿ ಕೂಗಿದ್ದುಂಟು. ನಾಲೆ ಬಂದಿತೆಂದರೆ ಗದ್ದೆಗೆ ನೀರು ಬಂದಿತೆಂದು ಅರ್ಥವಲ್ಲ. ತೂಬು ತೆರೆಯಬೇಕು, ಹೊಲಗಾಲುವೆಯ ಹೂಳು ತೆಗೆಯಬೇಕು.

ಅಂತರ್ಜಾಲದ ಸ್ಥಿತಿಯೂ ಹೀಗೆಯೇ ಇದೆ. ಪ್ರತಿ ಗ್ರಾಮ ಪಂಚಾಯಿತಿಗೂ 100 ಮೆಗಾಬಿಟ್ ವೇಗದ ಸಂಪರ್ಕ ಕೊಡುವ ಉದ್ದೇಶದಿಂದ ಕೇಂದ್ರ ಸರ್ಕಾರವು 2011ರಲ್ಲಿ ಒಪ್ಪಿದ ಯೋಜನೆಯೇ ಈಗಿನ ಭಾರತ್‌ನೆಟ್. ಅದರ ಗಾಜಿನೆಳೆಯ ತಂತಿ ಬರುವುದು ಪಂಚಾಯಿತಿ ಕಚೇರಿಯವರೆಗೆ. ಬ್ರಾಡ್‌ಬ್ಯಾಂಡ್ ಎಂಬ ಹೆಸರಿಗೆ 2004ರಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಸಾಕಾಗಿತ್ತು. 2023ರಲ್ಲಿ ಅದನ್ನು 2 ಮೆಗಾಬಿಟ್ಟಿಗೆ ಏರಿಸಲಾಯಿತು. ವೇಗದ ಅಳತೆ ಏರಿದೆ, ಸಂತೋಷ. ಆದರೆ ಕಚೇರಿಯೊಳಗಿನ ವೇಗದಿಂದ ಸಂತೆಗೆ ಬಂದ ಅಜ್ಜಿಗೆ ಏನು ಪ್ರಯೋಜನ? ಅವರಿಗೆ ಬೇಕಾದುದು ಕುಳಿತುಕೊಳ್ಳಲು ಒಂದು ಬೆಂಚು, ಕನ್ನಡದಲ್ಲಿ ನಿಧಾನವಾಗಿ ವಿವರಿಸುವ ಒಬ್ಬ ಮನುಷ್ಯ, ಗುಟ್ಟಿನ ಸಂಖ್ಯೆಯನ್ನು ಕೂಗಿ ಹೇಳಬೇಕಾಗದ ಒಂದು ಮೂಲೆ.

ನೆರೆಯ ಕೇರಳವು 2023ರ ಜೂನ್ 5ರಂದು ತನ್ನದೇ ಸರ್ಕಾರಿ ಜಾಲವಾದ ಕೆ-ಫೋನ್ ಅನ್ನು ಉದ್ಘಾಟಿಸಿ, 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕದ ಗುರಿಯನ್ನಿಟ್ಟುಕೊಂಡಿತು. ಗುರಿ ಮುಟ್ಟುವುದು ಸುಲಭದ ಕೆಲಸವಲ್ಲ; ಆದರೂ ಅಂತರ್ಜಾಲವು ನೀರು, ದೀಪಗಳಂತೆ ಪ್ರಜೆಯ ಹಕ್ಕೆಂದು ಒಂದು ಸರ್ಕಾರ ಹೇಳಿದ್ದು ಗಮನಾರ್ಹ. ನಮ್ಮಲ್ಲಿ ಅಷ್ಟು ದೂರ ನೋಡಬೇಕಾಗಿಲ್ಲ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಸೇರಿದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಲವಕ್ಕೆ ಗಣಕಯಂತ್ರಗಳೂ ಬಂದಿವೆ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ನಮ್ಮ ಊರಿನ ಅರಿವು ಕೇಂದ್ರ ಯಾವ ಹೊತ್ತಿಗೆ ತೆರೆಯುತ್ತದೆ, ಯಂತ್ರಗಳು ನಡೆಯುತ್ತಿವೆಯೋ ಮುಸುಕು ಹೊದ್ದಿವೆಯೋ ಎಂಬುದನ್ನು ವಾಚಕರಲ್ಲಿ ಎಷ್ಟು ಮಂದಿ ಹೋಗಿ ನೋಡಿದ್ದೇವೆ? ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಗಳೊಡನೆ ಇದನ್ನೂ ಕೇಳಬೇಕು.

ಸಮಾಜದ ಹಿರಿಯರಲ್ಲಿ ಒಂದು ಬಿನ್ನಹ. ಮಂಡ್ಯ, ಮದ್ದೂರುಗಳಂಥ ಊರುಗಳಲ್ಲಿ ನಮ್ಮ ಕಲ್ಯಾಣ ಮಂಟಪಗಳೂ ವಿದ್ಯಾರ್ಥಿನಿಲಯಗಳೂ ಇವೆ. ಲಗ್ನದ ದಿನಗಳನ್ನು ಬಿಟ್ಟರೆ ಮಂಟಪದ ಕೋಣೆಗಳಿಗೆ ಬೀಗವೇ. ಒಂದು ಕೋಣೆಯಲ್ಲಿ ಎರಡು ಯಂತ್ರಗಳನ್ನಿಟ್ಟು, ಸಂಜೆಯ ಎರಡು ಗಂಟೆ ಕಾಲೇಜಿನ ಹುಡುಗ ಹುಡುಗಿಯರನ್ನು ಕೂರಿಸಿದರೆ, ಅನ್ನದಾಸೋಹಕ್ಕೆ ಆಗುವ ವೆಚ್ಚದಲ್ಲಿ ಅಲ್ಪಭಾಗವೂ ಆಗದು. ಬಾಗಿಲು ಮಾತ್ರ ಊರಿನ ಎಲ್ಲ ಕೇರಿಯವರಿಗೂ ತೆರೆದಿರಬೇಕು. ನಮ್ಮವರಿಗೆ ಮಾತ್ರವೆಂದು ಫಲಕ ಹಾಕುವುದಾದರೆ ಆ ಕೋಣೆಯೇ ಬೇಡ.

ಮನೆಯ ಹಿರಿಯರಿಗೂ ಕೆಲವು ಎಚ್ಚರಿಕೆಗಳನ್ನು ಹೇಳಿಕೊಡುವುದು ಅವಶ್ಯ. ಆಧಾರಿಗೆ ಅವರದೇ ಮೊಬೈಲನ್ನು ಜೋಡಿಸಿ. ಫೋನಿನಲ್ಲಿ ಬ್ಯಾಂಕಿನವರೆಂದು ಹೇಳಿಕೊಳ್ಳುವವರಿಗೆ ಯಾವ ಅಂಕಿಯನ್ನೂ ಹೇಳಕೂಡದು. ಬೆರಳಚ್ಚನ್ನು ಬಳಸದ ದಿನಗಳಲ್ಲಿ ಆಧಾರ್ ತಾಣದಲ್ಲಿ ಅದಕ್ಕೆ ಬೀಗ ಹಾಕಿಡಬಹುದು. ಹಣ ಹೋದರೆ ಗಾಬರಿಯಲ್ಲಿ ಹೊತ್ತು ಕಳೆಯದೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಮೊದಲ ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು.

ಅತ್ತೆಯವರ ಮಗ ಸಂಕ್ರಾಂತಿಗೆ ಬಂದಾಗ ತಾಯಿಯ ಹೆಸರಿಗೇ ಹೊಸ ಮೊಬೈಲು ಕೊಡಿಸಿ, ಮಳವಳ್ಳಿಗೆ ಕರೆದೊಯ್ದು ಆಧಾರಿಗೆ ಜೋಡಿಸಿ ಬಂದಿದ್ದಾನೆ. ಮುಂದಿನ ಕಂತು ಜಮೆಯಾದ ಸುದ್ದಿ ಈ ಬಾರಿ ಅದಕ್ಕೇ ಬಂತು. ಅಕ್ಷರ ಓದಲು ಕನ್ನಡಕ ಸಾಲದೆಂದು, ಪಕ್ಕದ ಮನೆಯ ಏಳನೆಯ ತರಗತಿಯ ಹುಡುಗಿಯಿಂದ ಎರಡು ಸಲ ಓದಿಸಿಕೊಂಡರಂತೆ.