ರಾಮನ ತಾಯಿಯ ಹೆಸರು

ಶ್ರೀರಾಮನ ತಾಯಿ ಯಾರು? 1967ರಲ್ಲಿ ದಿಲ್ಲಿಯ ದೂರದರ್ಶನದಲ್ಲಿ ನಡೆದ ಪ್ರಶ್ನಸ್ಪರ್ಧೆಯೊಂದರಲ್ಲಿ ವಿದ್ಯಾರ್ಥಿಗಳು ಇದಕ್ಕೆ ಉತ್ತರ ಹೇಳಲಾರದೆ ಹೋದರು. ಗ್ರೀಕರ ಪುರಾಣದ ಪ್ರಶ್ನೆಗೆ ಮಾತ್ರ ತಡವರಿಸದೆ ಹೇಳಿದರಂತೆ. ಅದನ್ನು ಕಂಡು ವ್ಯಥೆಪಟ್ಟವರು ಅನಂತ ಪೈಗಳು. ಇವರು 1929ರಲ್ಲಿ ಕಾರ್ಕಳದಲ್ಲಿ ಜನಿಸಿ, ಎರಡು ವರ್ಷದ ಕೂಸಾಗಿರುವಾಗಲೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿಗೆ ಮುಂಬಯಿಯನ್ನು ಸೇರಿದವರು. ಕಲಿತುದು ರಸಾಯನಶಾಸ್ತ್ರ, ಮನಸ್ಸು ಹರಿದುದು ಮಕ್ಕಳ ಪುಸ್ತಕಗಳ ಕಡೆಗೆ. 1954ರಲ್ಲಿ 'ಮಾನವ' ಎಂಬ ಮಕ್ಕಳ ಪತ್ರಿಕೆಯನ್ನು ತೆಗೆದು ಕೈಸುಟ್ಟುಕೊಂಡಿದ್ದರು. ಬಳಿಕ 'ಇಂದ್ರಜಾಲ'ದ ಚಿತ್ರಕಥೆಗಳಲ್ಲಿ ದುಡಿದು, ಪರದೇಶದ ವೀರರ ಸಾಹಸಗಳನ್ನು ನಮ್ಮ ಮಕ್ಕಳ ಕೈಗಿತ್ತವರೂ ಅವರೇ.

ದಿಲ್ಲಿಯ ಆ ಪ್ರಸಂಗದ ತರುವಾಯ ಅವರು ಕೈಗೊಂಡುದೇ 'ಅಮರ ಚಿತ್ರಕಥೆ'. ಕನ್ನಡಿಗರು ಮರೆಯಬಾರದ ಮಾತೊಂದು ಇಲ್ಲುಂಟು. 1965ರಲ್ಲಿಯೇ ಬೆಂಗಳೂರಿನ ಜಿ. ಕೆ. ಅನಂತರಾಮರು ಇದೇ ಹೆಸರಿನಿಂದ ವಿದೇಶದ ಮಕ್ಕಳ ಕಥೆಗಳನ್ನು ಕನ್ನಡದಲ್ಲಿ ಅಚ್ಚು ಮಾಡಿಸಿದ್ದರು. ಮೊದಲಿನ ಹತ್ತು ಸಂಖ್ಯೆಗಳು ಅಂಥ ಕಥೆಗಳಿಗೆ ಸಂದುದರಿಂದ, ಪೈಗಳ 'ಕೃಷ್ಣ'ನಿಗೆ 11ನೆಯ ಸಂಖ್ಯೆ ದೊರೆಯಿತು.

ಭಾಗವತದ ದಶಮಸ್ಕಂಧದಲ್ಲಿ 90 ಅಧ್ಯಾಯಗಳಿವೆ. ಚಿತ್ರಕಥೆಗೆ ದೊರೆಯುವುದು 32 ಪುಟ. ಯಾವ ಲೀಲೆಯನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಣಯವೇ ಸಂಪಾದಕನ ಹೊಣೆ. ಇದನ್ನು ಹಗುರವೆಂದು ಎಣಿಸುವವರು ಒಮ್ಮೆ ಮಾಡಿ ನೋಡಲಿ!

ನಮ್ಮ ಗೋಕಾಕ, ಹುಕ್ಕೇರಿಗಳ ಕಡೆಯ ಮಕ್ಕಳಿಗೆ ಕೃಷ್ಣನು ಮೊದಲು ಕಿವಿಯಿಂದಲೇ ಪರಿಚಿತನಾಗುತ್ತಿದ್ದನು. ಮೂಡಲಗಿ ಸೀಮೆಯ ಕುಲಗೋಡದ ತಮ್ಮಣ್ಣನು ಪ್ರಸಿದ್ಧಿಗೆ ತಂದ 'ಶ್ರೀಕೃಷ್ಣ ಪಾರಿಜಾತ'ವು ಬೆಳತನಕ ನಡೆಯುವುದು. ಸತ್ಯಭಾಮೆಯ ಬಿಗುಮಾನವನ್ನೂ ಕೃಷ್ಣನ ಕೊಂಕುಮಾತನ್ನೂ ಕೇಳುತ್ತ ನಿದ್ದೆಗಣ್ಣಿನ ಕೂಸು ತನ್ನದೇ ಒಬ್ಬ ಕೃಷ್ಣನನ್ನು ಕಟ್ಟಿಕೊಳ್ಳುವುದು. ಅಚ್ಚಾದ ಚಿತ್ರವು ಆ ಸ್ವಾತಂತ್ರ್ಯವನ್ನು ಕಸಿಯುತ್ತದೆ. ರಕ್ಕಸನೆಂದರೆ ಕಪ್ಪು ಮೈಯವನೇ ಆಗಬೇಕೆಂಬಂತೆ ಬರೆದುದನ್ನು ವಿದ್ವಾಂಸರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪವು ನಮಗೂ ಒಪ್ಪಿಗೆಯೇ. ಆದರೂ ಅಜ್ಜಿಯ ಕಥೆಯಾಗಲಿ ರಾತ್ರಿಯ ಆಟವಾಗಲಿ ಇಲ್ಲದ ಮನೆಗೆ ಈ ಪುಸ್ತಕ ಬರಲಿ ಎಂದೇ ನಾವು ಹೇಳುವೆವು. ಓದಿದ ಮೇಲೆ ಮಗುವಿನ ಬಾಯಿಂದ ಒಮ್ಮೆ ಕಥೆಯನ್ನು ಹೇಳಿಸಬೇಕು, ಇಷ್ಟೇ.

1980ರಲ್ಲಿ ಪೈಗಳು 'ಟಿಂಕಲ್' ಎಂಬ ಮಕ್ಕಳ ಪತ್ರಿಕೆಯನ್ನು ತೆಗೆದರು. ನಮಗೆ ಹೆಚ್ಚು ಮೆಚ್ಚಿಗೆಯಾದುದು ಇದೇ. ಪುರಾಣದ ಭಾರವಿಲ್ಲದ ನಗೆಗಥೆಗಳು ಅದರಲ್ಲಿದ್ದವು. ಓದುಗರು ಕಳುಹಿದ ಕಥೆಗಳಿಗೂ ಚಿತ್ರ ಬರೆಯಿಸಿ ಪ್ರಕಟಿಸುತ್ತಿದ್ದರು. ಸ್ವಂತ ಮಕ್ಕಳಿಲ್ಲದ ಅವರು 2011ರ ಫೆಬ್ರುವರಿ 24ರಂದು ತೀರಿಕೊಂಡಾಗ, ದೇಶದ ಎಷ್ಟೋ ಮನೆಗಳಲ್ಲಿ ಅವರ ಹೆಸರು 'ಅಂಕಲ್ ಪೈ' ಎಂದೇ ಇದ್ದಿತು.