ಇನ್‌ಹೇಲರ್ ಬೀರು ಸೇರಿದಾಗ

ಉಬ್ಬಸದ ಮಗುವಿಗೆ ವೈದ್ಯರು ಇನ್‌ಹೇಲರ್ ಬರೆದುಕೊಟ್ಟರೆ ಮನೆಯಲ್ಲಿ ಮೊದಲು ಏಳುವ ಮಾತು, ‘ಸ್ಟೀರಾಯ್ಡ್ ಅಂತೆ, ಅಭ್ಯಾಸ ಆಗಿಬಿಡುತ್ತೆ.’ ಅಜ್ಜಿ ಬೇಡವೆನ್ನುತ್ತಾರೆ. ಹೈದರಾಬಾದಿನ ಮೀನಿನ ಮದ್ದು ಚಿಕ್ಕಪ್ಪನಿಗೆ ನೆನಪಾಗುತ್ತದೆ. ಇನ್‌ಹೇಲರ್ ಬೀರು ಸೇರುತ್ತದೆ. ಮಳೆಗಾಲದ ನಡುರಾತ್ರಿ ಮಗು ಏದುಸಿರು ಬಿಡತೊಡಗಿದಾಗ ಆಸ್ಪತ್ರೆಗೆ ಓಟ, ನೆಬ್ಯುಲೈಸರ್, ಜೊತೆಗೆ ಮೂರೋ ಐದೋ ದಿನದ ಪ್ರೆಡ್ನಿಸೋಲೋನ್.

ಅದೂ ಸ್ಟೀರಾಯ್ಡೇ! 6ರಿಂದ 11 ವರ್ಷದವರಿಗೆ ಇನ್‌ಹೇಲರ್‌ನಲ್ಲಿ ಸೇದುವ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಪುಡಿಯ ಕಡಿಮೆ ಡೋಸ್ ಎಂದರೆ ದಿನಕ್ಕೆ 100ರಿಂದ 200 ಮೈಕ್ರೋಗ್ರಾಂ. 20 ಕಿಲೋ ತೂಗುವ ಮಗುವಿಗೆ ದಮ್ಮು ಜೋರಾದಾಗ ಕೊಡುವ ಪ್ರೆಡ್ನಿಸೋಲೋನ್ ದಿನಕ್ಕೆ 20 ಮಿಲಿಗ್ರಾಂ ಆದರೂ ಅದು 20,000 ಮೈಕ್ರೋಗ್ರಾಂ. ಎರಡರ ಶಕ್ತಿ ಬೇರೆ ಬೇರೆ, ತೂಕಕ್ಕೆ ತೂಕ ಇಟ್ಟು ನೋಡುವುದು ಪೂರ್ತಿ ನ್ಯಾಯವಲ್ಲ. ಆದರೆ ಮೊದಲನೆಯದು ಬಹುಮಟ್ಟಿಗೆ ಶ್ವಾಸನಾಳದಲ್ಲೇ ಕೆಲಸ ಮಾಡುತ್ತದೆ. ಎರಡನೆಯದು ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತುತ್ತದೆ.

ಹೆತ್ತವರ ಭಯ ಬರೀ ಮೂಢನಂಬಿಕೆಯೇನಲ್ಲ. ಅಮೆರಿಕ, ಕೆನಡಾಗಳ 1,041 ಮಕ್ಕಳ ಮೇಲೆ ನಡೆದ ‘ಕ್ಯಾಂಪ್’ ಅಧ್ಯಯನದಲ್ಲಿ ಕೆಲವರಿಗೆ ವರ್ಷಗಟ್ಟಲೆ ದಿನಕ್ಕೆ 400 ಮೈಕ್ರೋಗ್ರಾಂ ಬುಡೆಸೊನೈಡ್ ಕೊಡಲಾಗಿತ್ತು. ದೊಡ್ಡವರಾದ ಮೇಲೆ ಅವರ ಎತ್ತರ ಹುಸಿ ಔಷಧ ಪಡೆದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಇತ್ತೆಂದು 2012ರಲ್ಲಿ ವರದಿಯಾಯಿತು. ಕುಗ್ಗಿದ್ದು ಮುಖ್ಯವಾಗಿ ಮೊದಲ ಎರಡು ವರ್ಷಗಳಲ್ಲಿ. ವರ್ಷ ವರ್ಷಕ್ಕೂ ಅದು ಹೆಚ್ಚುತ್ತ ಹೋಗಲಿಲ್ಲ. ಆ ಡೋಸ್ ಇಂದಿನ ಕಡಿಮೆ ಡೋಸಿನ ಮಿತಿಯ ಎರಡರಷ್ಟು ಎಂಬುದನ್ನೂ ಮರೆಯಬಾರದು. ರಾತ್ರಿಯಿಡೀ ಕೆಮ್ಮಿ, ವರ್ಷಕ್ಕೆ ನಾಲ್ಕು ಸಲ ಆಸ್ಪತ್ರೆ ಸೇರುವ ಮಗುವಿನ ಮುಂದೆ ಈ ಒಂದು ಚಿಲ್ಲರೆ ಸೆಂಟಿಮೀಟರ್ ದೊಡ್ಡ ಬೆಲೆಯಲ್ಲ.

ಹಾಗಂತ ಜಾಸ್ತಿ ಕೊಟ್ಟರೆ ಜಾಸ್ತಿ ಗುಣವೆಂದೂ ಇಲ್ಲ. ಉಬ್ಬಸದ ಮುನ್ಸೂಚನೆ ಕಂಡೊಡನೆ ಡೋಸನ್ನು ಐದು ಪಟ್ಟು ಏರಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. 5ರಿಂದ 11 ವರ್ಷದ 254 ಮಕ್ಕಳಲ್ಲಿ ತೀವ್ರ ಉಬ್ಬಸ ಕಡಿಮೆಯಾಗಲಿಲ್ಲ, ಬೆಳವಣಿಗೆ ಮಾತ್ರ ತುಸು ಕುಂಠಿತವಾದಂತೆ ಕಂಡಿತು. ಬ್ರಿಟನ್ನಿನಲ್ಲಿ ಇದಕ್ಕಿಂತ ಗಂಭೀರವಾದದ್ದೇ ನಡೆದಿದೆ: ದಿನಕ್ಕೆ 500 ಮೈಕ್ರೋಗ್ರಾಂ ಮತ್ತು ಅದಕ್ಕೂ ಹೆಚ್ಚು ಫ್ಲುಟಿಕಾಸೋನ್ ಎಂಬ ಇನ್ನೊಂದು ಸ್ಟೀರಾಯ್ಡ್ ಸೇದುತ್ತಿದ್ದ ಮಕ್ಕಳಲ್ಲಿ ಅಡ್ರಿನಲ್ ಗ್ರಂಥಿ ಕೈಕೊಟ್ಟ ಪ್ರಕರಣಗಳು 2002ರಲ್ಲಿ ವರದಿಯಾದವು.

ಬೆಂಗಳೂರಿಗೆ ಮಕ್ಕಳ ಉಬ್ಬಸ ದೂರದ ಮಾತಲ್ಲ. ಇಲ್ಲಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರ ಆಸ್ಪತ್ರೆ ಅಧ್ಯಯನದಲ್ಲಿ 1979ರಲ್ಲಿ ಶೇ 9ರಷ್ಟಿದ್ದ ಮಕ್ಕಳ ಆಸ್ತಮಾ 1999ರ ಹೊತ್ತಿಗೆ ಶೇ 29.5 ಮುಟ್ಟಿತ್ತು. ಅದು ಆಸ್ಪತ್ರೆಗೆ ಬಂದವರ ಲೆಕ್ಕ, ಇಡೀ ಊರಿನದ್ದಲ್ಲ. ಆದರೂ ಏರಿಕೆ ಸಣ್ಣದೇನಲ್ಲ.

ಔಷಧ ನಾಟುತ್ತಿಲ್ಲ ಎಂದು ದೂರು ಬಂದಾಗ ಡೋಸ್ ಏರಿಸುವುದು ಸುಲಭ. ಅದಕ್ಕೂ ಮೊದಲು ವೈದ್ಯರು ‘ಹೇಗೆ ತಗೋತೀಯಾ, ತೋರಿಸು ಪುಟ್ಟಾ’ ಎಂದು ಕೇಳಬೇಕು. ಇನ್‌ಹೇಲರ್‌ಗೆ ಜೋಡಿಸುವ ಕೊಳವೆಯಾದ ಸ್ಪೇಸರ್ ಇಲ್ಲದೆ ಒತ್ತಿದ ಪಫ್ ಬಹುಪಾಲು ಗಂಟಲಿಗೇ ಬಡಿಯುತ್ತದೆ. ದಿನವೂ ಸರಿಯಾಗಿ ತೆಗೆದುಕೊಂಡು ಮೂರು ತಿಂಗಳು ಉಸಿರಾಟ ನೆಟ್ಟಗಿದ್ದರೆ ಡೋಸ್ ಇಳಿಸುವ ಮಾತನ್ನು ಹೆತ್ತವರೇ ಎತ್ತಬಹುದು; ವರ್ಷಕ್ಕೊಮ್ಮೆಯಾದರೂ ಎತ್ತರ ಅಳೆದು ಬರೆದಿಡಿ ಎಂದೂ ಕೇಳಬಹುದು.